ಸೆನ್ಸರ್ ಚಿಪ್‌ನ ವಿಳಾಸ ಹುಡುಕಿದ ಬಗೆ

ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿದ್ದೆ. ಪ್ರೊಸೆಸರ್ ಒಳಗಿನ ಬಿಸಿ ಎಷ್ಟು ಅಂತ ಕಾಣುತ್ತಿತ್ತು, ಫ್ಯಾನ್ ವೇಗ ಮಾತ್ರ ಇಲ್ಲ. ಅದನ್ನು ಅಳೆಯುವುದು ಮದರ್‌ಬೋರ್ಡಿನ ಸೂಪರ್ ಐಒ ಚಿಪ್. ಸೆನ್ಸರ್ಸ್-ಡಿಟೆಕ್ಟ್ ಅನ್ನುವ ಪ್ರೋಗ್ರಾಂ ಓಡಿಸಿದರೆ ಅದೇ ಹುಡುಕಿ ಕೊಡುತ್ತದೆ. ಆದರೆ ಹೇಗೆ ಹುಡುಕುತ್ತದೆ ಅಂತ ಕಣ್ಣಾರೆ ನೋಡುವ ಆಸೆ ನನಗೆ.

ಕೇಸ್ ಬಿಚ್ಚಿ ಟಾರ್ಚ್ ಬಿಟ್ಟೆ. ಚಿಪ್ ಮೇಲೆ ಐಟಿ8718ಎಫ್ ಅಂತಿತ್ತು. ಅದರ ವಿವರಗಳಿರುವ ಡೇಟಾಶೀಟ್ ತೆಗೆದು ಕೂತೆ. ಮುಂದೆ ಬರುವ ವಿಳಾಸಗಳು, ಚಿಪ್‌ಗೆ ಬರೆದ ಮತ್ತು ಅದರಿಂದ ಓದಿದ ಅಂಕಿಗಳೆಲ್ಲ ಹೆಕ್ಸ್‌ನಲ್ಲಿವೆ, ಅಂದರೆ ಹದಿನಾರರ ಲೆಕ್ಕದಲ್ಲಿ.

ಈ ಚಿಪ್ ಸುಮ್ನೆ ಕೇಳಿದರೆ ಬಾಯಿ ಬಿಡುವುದಿಲ್ಲ. 2ಇ ಪೋರ್ಟ್‌ಗೆ (ಚಿಪ್ ಜೊತೆ ಮಾತಾಡುವ ವಿಳಾಸಕ್ಕೆ) 87, 01, 55, 55 ಅಂತ ಇದೇ ಕ್ರಮದಲ್ಲಿ ಬರೆಯಬೇಕು. ಆಗ ಚಿಪ್‌ನ ಸೆಟ್ಟಿಂಗ್ ನೋಡುವ ಕಾನ್ಫಿಗ್ ಮೋಡ್ ತೆರೆಯುತ್ತದೆ. ಆಮೇಲೆ 2ಇಗೆ ರಿಜಿಸ್ಟರ್ (ಚಿಪ್ ಒಳಗಿನ ಸಣ್ಣ ಖಾನೆ) ನಂಬರ್ ಬರೆಯುವುದು, 2ಎಫ್‌ನಿಂದ ಉತ್ತರ ಓದುವುದು. ಸಿ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದು ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರದಲ್ಲಿ, ಓಡಿಸಿದೆ. ರಿಜಿಸ್ಟರ್ 20ರಲ್ಲಿ 87, 21ರಲ್ಲಿ 18. ಚಿಪ್ ತನ್ನ ಹೆಸರನ್ನು ತಾನೇ ಹೇಳಿತು! ಎಷ್ಟು ಖುಷಿಯಾಯ್ತು ಗೊತ್ತಾ?

ಮುಂದೆ 07ಕ್ಕೆ 04 ಬರೆದು, ಅಳತೆ ಮಾಡುವ ಭಾಗವನ್ನು ಆರಿಸಿಕೊಂಡೆ. 60, 61 ಓದಿದರೆ 02, 90. ಅಂದರೆ ಬೇಸ್ ವಿಳಾಸ, ಆ ಭಾಗದ ಪೋರ್ಟ್‌ಗಳು ಶುರುವಾಗುವ ಜಾಗ, 290. ನ್ಯಾಷನಲ್ ಸೆಮಿಕಂಡಕ್ಟರ್‌ನ ಎಲ್‌ಎಂ78 ಚಿಪ್ ಕಾಲದಿಂದಲೂ ಬಳಕೆಯಲ್ಲಿರುವ ವಿಳಾಸ ಇದು. ಹಾಗಂತ ಎಲ್ಲ ಬೋರ್ಡಿನಲ್ಲೂ ಇದೇ ಇರಬೇಕಿಲ್ಲ, ಬಯೋಸ್ (ಯಂತ್ರವನ್ನು ಶುರು ಮಾಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಬೇರೆ ಕಡೆ ಇಟ್ಟಿರಬಹುದು. ಅದಕ್ಕೇ ಊಹೆ ಬೇಡ, ಚಿಪ್ಪನ್ನೇ ಕೇಳಿ. ಕೊನೆಗೆ 02ಕ್ಕೆ 02 ಬರೆದು ಮೋಡ್ ಮುಚ್ಚಿದೆ.

ಬೇಸ್‌ಗೆ 5 ಸೇರಿಸಿದರೆ 295. ರಿಜಿಸ್ಟರ್ ನಂಬರ್ ಬರೆಯುವುದು ಅಲ್ಲಿ, ಉತ್ತರ ಸಿಗುವುದು 296ರಲ್ಲಿ. 295ಕ್ಕೆ ಬಿಸಿಯ ರಿಜಿಸ್ಟರ್ ನಂಬರ್ 29 ಬರೆದು 296 ಓದಿದೆ. ಬಂದದ್ದು 26. ಹೆಕ್ಸ್ 26 ಅಂದರೆ 38 ಡಿಗ್ರಿ. ಫ್ಯಾನಿನದು ಇಷ್ಟು ನೇರ ಅಲ್ಲ. ಚಿಪ್ ಕೊಡುವುದು ಫ್ಯಾನ್ ತಿರುಗಲು ಹಿಡಿಯುವ ಹೊತ್ತಿನ ಒಂದು ಎಣಿಕೆ ಮಾತ್ರ. ಅದನ್ನು ಎರಡರಿಂದ ಗುಣಿಸಿ, ಬಂದದ್ದರಿಂದ 13,50,000ವನ್ನು ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಸಿಗುತ್ತದೆ. ಹೆಕ್ಸ್ ಅಲ್ಲದ ಮಾಮೂಲಿ ಲೆಕ್ಕದಲ್ಲಿ ಎಣಿಕೆ 675 ಆದರೆ 1,000 ಸುತ್ತು. ಫ್ಯಾನ್ ನಿಧಾನವಾದಷ್ಟೂ ಎಣಿಕೆ ಜಾಸ್ತಿ.

ಇಷ್ಟಾದ ಮೇಲೆ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಐಟಿ87 ಡ್ರೈವರ್ ಹಾಕಲು ಹೋದೆ. ಆ ಪೋರ್ಟ್‌ಗಳು ಎಸಿಪಿಐ (ಯಂತ್ರಾಂಶ ನೋಡಿಕೊಳ್ಳಲು ಬಯೋಸ್ ಕೊಡುವ ವ್ಯವಸ್ಥೆ) ಹೆಸರಲ್ಲಿವೆ ಅಂತ ಕರ್ನಲ್ ಒಪ್ಪಲಿಲ್ಲ. ಬೂಟ್ ಆಯ್ಕೆಯಲ್ಲಿ ಈ ತಡೆಯನ್ನು ಸಡಿಲಿಸಬಹುದು, ಸಡಿಲಿಸಿದೆ. ಆದರೆ ಕರ್ನಲ್ ತಡೆದದ್ದಕ್ಕೆ ಕಾರಣವಿದೆ. ಡ್ರೈವರ್ 295ಕ್ಕೆ ನಂಬರ್ ಬರೆದ ಹೊತ್ತಿಗೇ ಬಯೋಸ್ ಕೋಡ್ ಅಲ್ಲಿ ಇನ್ನೊಂದು ನಂಬರ್ ಬರೆದರೆ? 296ರಲ್ಲಿ ಬೇರೆಯದೇ ರಿಜಿಸ್ಟರ್ ಎದುರಾಗುತ್ತದೆ. ಓದುವಾಗ ಹೀಗಾದರೆ ಒಂದು ತಪ್ಪು ಅಂಕಿ, ಅಷ್ಟೇ. ಫ್ಯಾನ್ ವೇಗ ಬದಲಿಸಲು ಬರೆಯುವಾಗ ಹೀಗಾದರೆ ಅಪಾಯ. ಹಾಗಾಗಿ ಆ ಯಂತ್ರದಲ್ಲಿ ಅಳತೆಗಳನ್ನು ಓದುತ್ತೇನೆ, ಫ್ಯಾನ್ ಹತೋಟಿಯನ್ನು ಬಯೋಸ್‌ಗೇ ಬಿಟ್ಟಿದ್ದೇನೆ.