ಹಳೇ ಸ್ಪ್ರೇ ಇಂಜಿನ್‌ನಲ್ಲಿ ಕಿಡಿಯೇ ಇಲ್ಲ: ನಾನು ಹುಡುಕಿದ ದಾರಿ

ಮೂಡಿಗೆರೆ ಕಡೆ ತೋಟ ಇರುವವರಿಗೆ ಸೆಪ್ಟೆಂಬರ್ ಎಂದರೆ ಏನು ಅಂತ ಹೇಳಬೇಕಾಗಿಲ್ಲ. ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಇನ್ನೊಂದು ಸುತ್ತು ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯಬೇಕು. ಕಾಫಿಗೆ 0.5 ಪರ್ಸೆಂಟ್, ಮೆಣಸಿಗೆ 1 ಪರ್ಸೆಂಟ್. ಬಿಸಿಲೂ ಇರಬೇಕು, ಕೆಲಸದವರೂ ಸಿಗಬೇಕು. ಎರಡೂ ಕೂಡಿ ಬಂದ ಹೊತ್ತಿನಲ್ಲೇ ನಮ್ಮ ಸ್ಪ್ರೇ ಪಂಪಿನ ಹಳೇ ಪೆಟ್ರೋಲ್-ಸೀಮೆಎಣ್ಣೆ ಇಂಜಿನ್ ಎಷ್ಟು ಹಗ್ಗ ಸುತ್ತಿ ಎಳೆದರೂ ಕೆಮ್ಮಲೂ ಇಲ್ಲ. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುವ, ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತಿದ್ದ ಇಂಜಿನ್ ಅದು.

ಪೇಟೆಯ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆ. ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟ್ ಹುಟ್ಟಿಸುವ ತಂತಿಸುತ್ತು) ಹೋಗಿರುತ್ತೆ, ಹೊಸದು ಹಾಕಿಸಿಬಿಡಿ ಎಂದರು. ಇಂಜಿನ್ ನೋಡದೇ ಹೇಳಿದ ಮಾತು ಅದು, ನನಗೆ ಒಪ್ಪಿಗೆಯಾಗಲಿಲ್ಲ. ಇಂಥ ಇಂಜಿನ್‌ಗಳಲ್ಲಿ ಕಾಯಿಲ್ ಬೆಲೆ ಜಾಸ್ತಿ, ಕೆಡುವುದು ಕಡಿಮೆ. ಪ್ಲಗ್ಗಿನಿಂದ ಶುರು ಮಾಡಿ ಹಿಂದೆ ಹಿಂದೆ ಹೋಗಬೇಕು, ಕಾಯಿಲ್ ಕೊನೆಗೆ.

ಮೊದಲು ಪ್ಲಗ್ ಬಿಚ್ಚಿದೆ. ಒದ್ದೆಯಾಗಿತ್ತು, ಅಂದರೆ ಪೆಟ್ರೋಲ್ ಬರುತ್ತಿದೆ. ಸೀಮೆಎಣ್ಣೆಯಲ್ಲಿ ಓಡುವ ಇಂಜಿನ್ ಆದ್ದರಿಂದ ಮಸಿ ಹಿಡಿದಿತ್ತು. ಹೊಸ ಪ್ಲಗ್ ತಗೊಂಡು ಗ್ಯಾಪ್ 0.6 ಮಿ.ಮೀ. ಇಟ್ಟು, ಅದರ ಲೋಹದ ಭಾಗ ಇಂಜಿನ್ ಬಾಡಿಗೆ ಚೆನ್ನಾಗಿ ತಾಗುವಂತೆ ಮಲಗಿಸಿ ಹಗ್ಗ ಎಳೆದೆ. ಕಿಡಿ ಇಲ್ಲ. ಹೀಗೆ ನೋಡುವಾಗ ಪ್ಲಗ್ಗನ್ನು ಸಿಲಿಂಡರ್ ತೂತಿನಿಂದ ದೂರ ಇಡಿ, ಚೆಲ್ಲಿದ ಪೆಟ್ರೋಲ್ ಒರೆಸಿ. ಪೆಟ್ರೋಲ್ ಆವಿಗೆ ಒಂದು ಸಣ್ಣ ಕಿಡಿ ಸಾಕು.

ಆಮೇಲೆ ಸ್ಟಾಪ್ ಸ್ವಿಚ್ಚಿನ ವೈರ್ ಬಿಚ್ಚಿದೆ. ಸುಮಾರು ಜನ ಇದನ್ನು ಮರೆಯುತ್ತಾರೆ. ಆ ಸ್ವಿಚ್ ಕೆಲಸವೇ ಕರೆಂಟನ್ನು ಬಾಡಿಗೆ ಇಳಿಸಿ ಕಿಡಿ ನಿಲ್ಲಿಸುವುದು, ಹಾಗಾಗಿ ವೈರಿನ ಸಿಪ್ಪೆ ಎಲ್ಲೋ ಸವೆದು ತಗಡಿಗೆ ತಾಗುತ್ತಿದ್ದರೂ ಇಂಜಿನ್ ಸದಾ ಆಫ್ ಆಗಿಯೇ ಇರುತ್ತದೆ, ನಾವು ಸುಮ್ನೆ ಹಗ್ಗ ಎಳೆಯುತ್ತಾ ಇರುತ್ತೇವೆ. ನಮ್ಮದರಲ್ಲಿ ಅದು ಸರಿ ಇತ್ತು. ಪ್ಲಗ್ ಕ್ಯಾಪ್ ತೆಗೆದು ಬರಿ ವೈರಿನ ತುದಿಯನ್ನು ಒಣಗಿದ ಪ್ಲಾಸ್ಟಿಕ್ ಹಿಡಿಯ ಇಕ್ಕಳದಲ್ಲಿ ಹಿಡಿದು ಬಾಡಿ ಹತ್ತಿರ ತಂದೂ ನೋಡಿದೆ. ಏನೂ ಇಲ್ಲ.

ಅಲ್ಲಿಗೆ ತೊಂದರೆ ಫ್ಲೈವೀಲ್ (ಇಂಜಿನ್ ಜೊತೆ ತಿರುಗುವ ಭಾರದ ಚಕ್ರ) ಒಳಗೇ ಅಂತ ಖಾತ್ರಿಯಾಯಿತು. ಈ ಹಳೇ ಮ್ಯಾಗ್ನೆಟೋ, ಅಂದರೆ ಬ್ಯಾಟರಿ ಇಲ್ಲದೇ ಕಿಡಿ ಹುಟ್ಟಿಸುವ ಸಾಧನ, ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಫ್ಲೈವೀಲಿನ ಆಯಸ್ಕಾಂತ ಕಾಯಿಲ್ ಮುಂದೆ ತಿರುಗಿದಾಗ ಒಳಗಿನ ದಪ್ಪ ಸುತ್ತಿನಲ್ಲಿ ಕರೆಂಟ್ ಹುಟ್ಟುತ್ತದೆ. ಅದು ಮುಚ್ಚಿದ ಪಾಯಿಂಟ್ (ಇಂಜಿನ್ ತಿರುಗುವಾಗ ಕ್ಯಾಮ್ ಎಂಬ ಉಬ್ಬು ತೆರೆದು ಮುಚ್ಚುವ ಪುಟ್ಟ ಸ್ವಿಚ್) ಮೂಲಕ ಹರಿಯುತ್ತಾ ಇರುವಾಗ ಪಾಯಿಂಟ್ ಫಟ್ಟನೆ ತೆರೆದುಕೊಂಡರೆ, ತೆಳು ತಂತಿಯ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನಲ್ಲಿ ಹಾರುತ್ತದೆ. ಪಾಯಿಂಟ್ ಸರಿಯಾಗಿ ಮುಚ್ಚಲೂ ಬೇಕು, ಸರಿಯಾಗಿ ತೆರೆಯಲೂ ಬೇಕು.

ಫ್ಲೈವೀಲನ್ನು ಪುಲ್ಲರ್ (ಸ್ಕ್ರೂ ತಿರುಗಿಸಿ ಎಳೆಯುವ ಉಪಕರಣ) ಹಾಕಿಯೇ ತೆಗೆದೆ. ಸುತ್ತಿಗೆಯಲ್ಲಿ ಹೊಡೆದು ತೆಗೆಯುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಕ್ರ್ಯಾಂಕಿನ (ಇಂಜಿನ್ ಶಾಫ್ಟಿನ) ತುದಿ ಹಾಳಾಗುತ್ತದೆ, ಫ್ಲೈವೀಲ್ ಬಿರುಕು ಬಿಡಬಹುದು, ಪೆಟ್ಟು ಬಿದ್ದು ಹಳೇ ಆಯಸ್ಕಾಂತದ ಶಕ್ತಿಯೂ ಕುಗ್ಗುತ್ತದೆ. ಒಳಗೆ ನೋಡಿದರೆ ಪಾಯಿಂಟ್ ಮೇಲೆ ಬೂದು ಬಣ್ಣದ ಪೊರೆ, ತಾಮ್ರದ ವೈರಿನ ತುದಿಯಲ್ಲಿ ಹಸಿರು ಕಿಲುಬು. ನಮ್ಮ ಮಲೆನಾಡಿನ ಮಳೆಗಾಲದ ತೇವವೇ ಸಾಕು, ಜೊತೆಗೆ ಇದು ವರ್ಷಾನುಗಟ್ಟಲೆ ಮೈಲುತುತ್ತದ ತುಂತುರಿನಲ್ಲೇ ಓಡಿದ ಇಂಜಿನ್.

ಪಾಯಿಂಟಿನಲ್ಲಿ ಕರೆಂಟ್ ಹರಿಯುತ್ತದೆಯೇ ಅಂತ ಮಲ್ಟಿಮೀಟರ್ ಹಿಡಿದು ನೋಡುವಾಗ ಒಂದು ವಿಷಯ ನೆನಪಿಡಿ. ಕಾಯಿಲ್ ವೈರ್ ಸೇರಿಸಿಯೇ ಪಾಯಿಂಟ್ ಚೆಕ್ ಮಾಡಿದರೆ, ಪಾಯಿಂಟ್ ಕೆಟ್ಟಿದ್ದರೂ ಮೀಟರ್ ಬೀಪ್ ಅನ್ನುತ್ತದೆ, ಯಾಕೆಂದರೆ ಆ ದಪ್ಪ ಸುತ್ತಿನ ರೆಸಿಸ್ಟೆನ್ಸ್ ತುಂಬಾ ಕಡಿಮೆ, ಕರೆಂಟ್ ಅದರ ಮೂಲಕವೇ ಬಾಡಿಗೆ ಹೋಗಿಬಿಡುತ್ತದೆ. ವೈರ್ ಬಿಡಿಸಿ ನೋಡಿದೆ. ಪಾಯಿಂಟ್ ಮುಚ್ಚಿದ್ದರೂ ಬೀಪ್ ಇಲ್ಲ. ಸಿಕ್ಕಿತು.

ನುಣ್ಣನೆಯ ವಾಟರ್ ಪೇಪರನ್ನು ಪಾಯಿಂಟ್ ನಡುವೆ ಇಟ್ಟು ಮೆಲ್ಲಗೆ ಎಳೆದೆ, ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಬಿಳಿ ಕಾಗದ, ಕೊನೆಗೆ ಒಣ ಕಾಗದ. ಈ ಕೊನೆಯ ಕೆಲಸ ಬಿಡಬೇಡಿ, ಪೇಪರಿನ ಒಂದು ಕಣ ಉಳಿದರೂ ಮತ್ತೆ ಕಿಡಿ ಇರುವುದಿಲ್ಲ. ಪಾಯಿಂಟ್ ಪೂರ್ತಿ ತೆರೆದ ಜಾಗಕ್ಕೆ ಕ್ರ್ಯಾಂಕ್ ತಿರುಗಿಸಿ ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) 0.35 ಮಿ.ಮೀ. ಗ್ಯಾಪ್ ಇಟ್ಟೆ. ಇಂಥ ಸಣ್ಣ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.3ರಿಂದ 0.4ರ ಒಳಗೆ ಇರುತ್ತದೆ, ನಿಮ್ಮ ಇಂಜಿನ್ ಪುಸ್ತಕ ಇದ್ದರೆ ಅದರ ಪ್ರಕಾರ ಇಡಿ. ಫ್ಲೈವೀಲನ್ನು ಕ್ರ್ಯಾಂಕಿನ ಮೇಲೆ ಸರಿಯಾದ ಜಾಗದಲ್ಲಿ ಹಿಡಿದಿಡುವ ಅರ್ಧಚಂದ್ರ ಕೀ ಕೂಡ ನೋಡಿದೆ, ತುಂಡಾಗಿರಲಿಲ್ಲ. ಅದು ಕತ್ತರಿಸಿದರೆ ಕಿಡಿ ಬಂದರೂ ಹೊತ್ತು ತಪ್ಪಿ ಬರುತ್ತದೆ, ಹಗ್ಗ ಕೈಯನ್ನೇ ಹಿಂದಕ್ಕೆ ಎಳೆಯುತ್ತದೆ.

ಜೋಡಿಸಿ ಎಳೆದರೆ ಕಿಡಿ ಬಂತು! ಆದರೆ ಹಳದಿ, ಬಲ ಇಲ್ಲದ ಕಿಡಿ. ಇಂಜಿನ್ ಸ್ಟಾರ್ಟ್ ಆಯಿತು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿದೆ, ಸ್ವಲ್ಪ ಹೊತ್ತು ಓಡಿ ನಿಂತಿತು. ಸೀಮೆಎಣ್ಣೆ ಕೆಟ್ಟಿದೆ ಅಂತ ಪಕ್ಕದಲ್ಲಿದ್ದವರು ಹೇಳಿದರು. ನಾನು ಇಂಜಿನ್ ಬಿಸಿ ಇರುವಾಗಲೇ ಪ್ಲಗ್ ಬಿಚ್ಚಿ ನೋಡಿದೆ. ಕಿಡಿ ಇಲ್ಲ. ತಣ್ಣಗಾದ ಮೇಲೆ ಮತ್ತೆ ಬಂತು. ಅಂದರೆ ಬಿಸಿಗೆ ಕೈಕೊಡುವ ಭಾಗ ಒಂದಿದೆ. ಕಂಡೆನ್ಸರ್ ಇರಬಹುದು, ಕಾಯಿಲ್ ಕೂಡ ಇರಬಹುದು. ಪಾಯಿಂಟ್ ತೆರೆಯುವಾಗ ಕರೆಂಟ್ ಅಲ್ಲೇ ಹಾರಿ ಸುಡದಂತೆ ತಡೆಯುವುದು ಕಂಡೆನ್ಸರ್ ಕೆಲಸ. ಫ್ಲೈವೀಲ್ ಮತ್ತೆ ತೆಗೆದು ನೋಡಿದರೆ ಆಗ ತಾನೇ ಉಜ್ಜಿದ್ದ ಪಾಯಿಂಟ್ ನೀಲಿಗಟ್ಟಿ ಸುಟ್ಟಿತ್ತು. ಅದು ಕಂಡೆನ್ಸರ್ ಕಡೆಗೇ ಬೆರಳು ತೋರಿಸುವ ಗುರುತು, ಅಲ್ವಾ? ಬೆಲೆಯೂ ಕಾಯಿಲ್‌ಗಿಂತ ಎಷ್ಟೋ ಕಡಿಮೆ. ಚಿಕ್ಕಮಗಳೂರಿನಿಂದ ಕಂಡೆನ್ಸರ್ ಮತ್ತು ಪಾಯಿಂಟ್ ಸೆಟ್ ಎರಡೂ ತಂದು ಹಾಕಿದೆ. ಸುಟ್ಟ ಪಾಯಿಂಟನ್ನು ಹೊಸ ಕಂಡೆನ್ಸರ್ ಜೊತೆ ಇಟ್ಟುಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಈ ಸಲ ಕಿಡಿ ನೀಲಿ, ಚಟ್ ಚಟ್ ಅಂತ ಕೇಳಿಸುವಷ್ಟು ಗಟ್ಟಿ. ಟ್ಯಾಂಕ್ ಖಾಲಿಯಾಗುವವರೆಗೆ ಓಡಿಸಿ, ಬಿಸಿಯಲ್ಲೇ ನಿಲ್ಲಿಸಿ, ಮತ್ತೆ ಎಣ್ಣೆ ತುಂಬಿ ಎಳೆದೆ. ಬಿಸಿ ಇಂಜಿನ್ ಮತ್ತೆ ಹಿಡಿದುಕೊಂಡ ಮೇಲೇ ತೋಟಕ್ಕೆ ಇಳಿಸಿದ್ದು. ಹಳೇ ಕಾಯಿಲ್ ಈಗಲೂ ಅದರಲ್ಲೇ ಇದೆ. ಹೊಸ ಪಾಯಿಂಟಿನ ಕಾಲು ಕ್ಯಾಮ್ ಮೇಲೆ ಕೂರುವವರೆಗೆ ಸ್ವಲ್ಪ ಸವೆದು ಗ್ಯಾಪ್ ಕಡಿಮೆಯಾಗುತ್ತದೆ, ಹಾಗಾಗಿ ಮೆಣಸಿನ ಸ್ಪ್ರೇ ಮುಗಿದ ಮೇಲೆ ಫ್ಲೈವೀಲಿನ ಕಿಟಕಿಯಿಂದಲೇ ಇನ್ನೊಮ್ಮೆ ಅಳೆದು ಸರಿ ಮಾಡಿದೆ.