ಏರ್‌ಪೋರ್ಟ್ ಪಕ್ಕದ ಹೋಟೆಲಿನಲ್ಲಿ ನೆಮ್ಮದಿಯ ಒಂದು ರಾತ್ರಿ

ಏರ್‌ಪೋರ್ಟ್ ಪಕ್ಕದ ದೊಡ್ಡ ಬಿಸಿನೆಸ್ ಹೋಟೆಲುಗಳಲ್ಲಿ ಹೆಚ್ಚಿನವರು ಉಳಿಯುವುದು ಒಂದೇ ರಾತ್ರಿ. ಬೆಳಗಿನ ಜಾವದ ವಿಮಾನ ಹಿಡಿಯಬೇಕು, ಇಲ್ಲವೇ ಅಪರಾತ್ರಿಯಲ್ಲಿ ಇಳಿದು ಮರುದಿನ ಇನ್ನೊಂದು ವಿಮಾನ ಹತ್ತಬೇಕು, ಇಲ್ಲವೇ ಬೆಳಗ್ಗೆ ಮೀಟಿಂಗ್ ಮುಗಿಸಿ ಸಂಜೆಗೇ ಹೊರಡಬೇಕು. ಈಜುಕೊಳ, ಜಿಮ್, ಎತ್ತರದ ಲಾಬಿ ಎಲ್ಲ ಇರುತ್ತವೆ, ನಿಜ. ಆದರೆ ನೀವು ದುಡ್ಡು ಕೊಡುವುದು ಆರೇಳು ಗಂಟೆಯ ನಿದ್ದೆಗೆ ಮತ್ತು ಹೊತ್ತಿಗೆ ಸರಿಯಾಗಿ ಟರ್ಮಿನಲ್ ತಲುಪುವುದಕ್ಕೆ. ಇವೆರಡನ್ನೂ ಕೆಡಿಸುವ ಸಂಗತಿಗಳು ತೀರಾ ಚಿಕ್ಕವು. ಬಹುಪಾಲನ್ನು ಮನೆಯಲ್ಲಿ ಕೂತು ಬುಕ್ ಮಾಡುವಾಗಲೇ ಸರಿ ಮಾಡಿಕೊಳ್ಳಬಹುದು.

ಮೊದಲು ತಾರೀಖು ನೋಡಿ

ವಿಮಾನ 15ನೇ ತಾರೀಖು ರಾತ್ರಿ 12.50ಕ್ಕೆ ಇಳಿಯುತ್ತದೆ ಎಂದುಕೊಳ್ಳಿ. ರೂಮು ಯಾವ ದಿನಕ್ಕೆ ಬುಕ್ ಮಾಡುತ್ತೀರಿ? ಟಿಕೆಟ್‌ನಲ್ಲಿ 15 ಎಂದಿರುವುದರಿಂದ ಕೈ ತಾನಾಗಿ 15ಕ್ಕೇ ಹೋಗುತ್ತದೆ. ಹೋಟೆಲಿನ ಲೆಕ್ಕದಲ್ಲಿ ಮಾತ್ರ ಅದು ಇನ್ನೂ 14ರ ರಾತ್ರಿ. ರೂಮು ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ 2 ಅಥವಾ 3 ಗಂಟೆಗೆ, ಬಿಡಬೇಕಾದ್ದು ಮರುದಿನ 11 ಅಥವಾ 12ಕ್ಕೆ. ಅಂದರೆ 15ಕ್ಕೆ ಬುಕ್ ಮಾಡಿದವರಿಗೆ ರೂಮು ಸಿಗುವುದು ವಿಮಾನ ಇಳಿದು ಹದಿಮೂರು ಗಂಟೆ ಆದಮೇಲೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಜೊತೆಗೆ ಅಮ್ಮ ಇದ್ದರು. ರಾತ್ರಿ ಎರಡು ಗಂಟೆಗೆ ಕೌಂಟರಿನ ಹುಡುಗ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ, 'ಮೇಡಂ, ನಿಮ್ಮ ಬುಕಿಂಗ್ ಇರೋದು ಇವತ್ತು ಮಧ್ಯಾಹ್ನದಿಂದ' ಎಂದು ಮೆಲ್ಲಗೆ ಹೇಳಿದ. ಆ ರಾತ್ರಿ ಒಂದೂ ರೂಮು ಖಾಲಿ ಇರಲಿಲ್ಲ. ಅಮ್ಮ ಲಾಬಿಯ ಸೋಫಾದಲ್ಲಿ ಶಾಲು ಹೊದ್ದು, ಕೂತೇ ಬೆಳಗು ಮಾಡಿದರು. ಒಂದು ಮಾತೂ ಬೈಯಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಹಾಗಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಮಧ್ಯರಾತ್ರಿ ದಾಟಿ ಇಳಿಯುವುದಾದರೆ ಹಿಂದಿನ ತಾರೀಖಿಗೇ ಬುಕ್ ಮಾಡಿ.

ಹಾಗೆ ಮಾಡಿದ ಮೇಲೂ ಒಂದು ಕೆಲಸ ಬಾಕಿ ಇದೆ. ಹೋಟೆಲಿಗೆ ಫೋನ್ ಮಾಡಿ ಅಥವಾ ಬರೆದು, 'ರಾತ್ರಿ 2ರ ಸುಮಾರಿಗೆ ಬರುತ್ತೇವೆ' ಎಂದು ವಿಮಾನದ ನಂಬರ್ ಸಮೇತ ತಿಳಿಸಿ. ಇಲ್ಲದಿದ್ದರೆ ನೀವು ಬರಲೇ ಇಲ್ಲ ಎಂದು 'ನೋ ಶೋ' ಹಾಕಿಬಿಡುವ ಸಾಧ್ಯತೆ ಇರುತ್ತದೆ. ಎರಡು ಮೂರು ರಾತ್ರಿಯ ಬುಕಿಂಗ್ ಆಗಿದ್ದರೆ, ಮೊದಲ ರಾತ್ರಿ ಬರಲಿಲ್ಲ ಎಂಬ ಕಾರಣಕ್ಕೆ ಉಳಿದವೂ ರದ್ದಾಗುವುದುಂಟು. ದೊಡ್ಡ ಹೋಟೆಲುಗಳು ಇರುವ ರೂಮಿಗಿಂತ ಒಂದಿಷ್ಟು ಜಾಸ್ತಿಯೇ ಬುಕಿಂಗ್ ತೆಗೆದುಕೊಳ್ಳುವುದುಂಟು. ಎಲ್ಲರೂ ಬಂದುಬಿಟ್ಟರೆ ಪೆಟ್ಟು ಬೀಳುವುದು ಕೊನೆಗೆ ಬಂದವರಿಗೆ. ಹಾಗೇನಾದರೂ ಆದರೆ ಗಾಬರಿಯಾಗಬೇಡಿ, ಸುಮ್ಮನೆ ವಾಪಸ್ಸೂ ಹೋಗಬೇಡಿ. ಅಂಥದ್ದೇ ಬೇರೆ ಹೋಟೆಲಿನಲ್ಲಿ ರೂಮು, ಅಲ್ಲಿಗೆ ಹೋಗಲು ಗಾಡಿ, ಎರಡನ್ನೂ ಅವರೇ ಮಾಡಿಕೊಡಬೇಕು ಎಂದು ಅಲ್ಲೇ ನಿಂತು ಕೇಳಿ.

ಹಗಲಿನಲ್ಲಿ ಐದಾರು ಗಂಟೆ ಮಾತ್ರ ಬೇಕಿದ್ದರೆ ಇಡೀ ರಾತ್ರಿಯ ಬಾಡಿಗೆ ಕೊಡಬೇಕಾಗಿಲ್ಲ. ಇಂಥ ಹಲವು ಹೋಟೆಲುಗಳಲ್ಲಿ 'ಡೇ ಯೂಸ್' ದರ ಇರುತ್ತದೆ. ಬುಕಿಂಗ್ ಆ್ಯಪಿನಲ್ಲಿ ಕಾಣದಿದ್ದರೆ ಫೋನ್ ಮಾಡಿ ಕೇಳಿ.

ಎಷ್ಟು ದೂರ, ಯಾವ ಟರ್ಮಿನಲ್

ಹೆಸರಿನಲ್ಲಿ 'ಏರ್‌ಪೋರ್ಟ್' ಇದ್ದ ಮಾತ್ರಕ್ಕೆ ಹೋಟೆಲು ನಿಮ್ಮ ಏರ್‌ಪೋರ್ಟಿನ ಪಕ್ಕದಲ್ಲೇ ಇರಬೇಕೆಂದೇನಿಲ್ಲ. ಟೋಕಿಯೊಗೆ ನರಿತಾ, ಹನೇಡಾ ಎಂದು ಎರಡು ಇವೆ. ಹನೇಡಾ ಊರಿಗೆ ಅಂಟಿಕೊಂಡಿದೆ, ನರಿತಾ ಊರಿಂದ ಸುಮಾರು 60 ಕಿಲೋಮೀಟರ್ ಆಚೆ. ಒಂದರ ಬಳಿ ಮಲಗಿ ಇನ್ನೊಂದರಿಂದ ವಿಮಾನ ಹತ್ತುವುದೆಂದರೆ ಬೆಳಗಿನ ಜಾವವೇ ದೊಡ್ಡ ಪ್ರಯಾಣ. ಒಂದೇ ಏರ್‌ಪೋರ್ಟ್ ಆದರೂ ಟರ್ಮಿನಲ್ ನೋಡಬೇಕು. ಲಂಡನ್ನಿನ ಹೀಥ್ರೂದಲ್ಲಿ 2 ಮತ್ತು 3ನೇ ಟರ್ಮಿನಲ್ ಒಂದು ಕಡೆ, 4 ಇನ್ನೊಂದು ಕಡೆ, 5 ಮತ್ತೊಂದು ಕಡೆ. ಹೋಟೆಲಿನಿಂದ ಟರ್ಮಿನಲ್‌ಗೆ ನಡೆದೇ ಹೋಗಬಹುದು ಎಂದಿದ್ದರೆ, ಯಾವ ಟರ್ಮಿನಲ್‌ಗೆ ಎಂದು ಓದಿ. ಮ್ಯಾಪಿನಲ್ಲಿ ದೂರ ನೋಡುವಾಗಲೂ ನೇರ ಗೆರೆಯ ದೂರ ನಂಬಬೇಡಿ. ರನ್‌ವೇ ಅಡ್ಡ ಬಂದರೆ ಕಣ್ಣೆದುರಿಗೇ ಕಾಣುವ ಟರ್ಮಿನಲ್‌ಗೂ ಕಿಲೋಮೀಟರುಗಟ್ಟಲೆ ಸುತ್ತಬೇಕು.

ಕೆಲವು ಹೋಟೆಲುಗಳು ಟರ್ಮಿನಲ್ ಒಳಗೇ, ಇಮಿಗ್ರೇಶನ್‌ಗೂ ಮೊದಲೇ ಇರುತ್ತವೆ. ಅಲ್ಲಿ ಉಳಿಯಲು ಆ ದೇಶದೊಳಗೆ ಕಾಲಿಡಬೇಕಾಗಿಲ್ಲ. ಒಳ್ಳೆಯ ಅನುಕೂಲವೇ. ಆದರೆ ಲಗೇಜನ್ನು ಇಳಿಸಿಕೊಂಡು ಮತ್ತೆ ಚೆಕ್ ಇನ್ ಮಾಡಬೇಕಾದ ಟಿಕೆಟ್ ಆಗಿದ್ದರೆ ಹೊರಗೆ ಬರಲೇಬೇಕು. ಆಗ ವೀಸಾ ಪ್ರಶ್ನೆ ಏಳುತ್ತದೆ. ಎರಡು ಬೇರೆ ಬೇರೆ ಟಿಕೆಟ್ ತೆಗೆದುಕೊಂಡವರು ಇದನ್ನು ಮೊದಲೇ ವಿಮಾನ ಕಂಪನಿಯಿಂದ ಖಚಿತ ಮಾಡಿಕೊಳ್ಳಬೇಕು.

ಹೊರಗಿನ ಹೋಟೆಲಾದರೆ ಎಲ್ಲವೂ ನಿಂತಿರುವುದು ಹೋಟೆಲಿಗೂ ಟರ್ಮಿನಲ್‌ಗೂ ನಡುವೆ ಓಡಾಡುವ ಶಟಲ್ ಬಸ್ಸಿನ ಮೇಲೆ. 'ಶಟಲ್ ಇದೆ' ಎಂಬ ಉತ್ತರ ಸಾಲದು. ರಾತ್ರಿಯಿಡೀ ಓಡುತ್ತದಾ? ಎಷ್ಟು ನಿಮಿಷಕ್ಕೊಂದು? ಸೀಟು ಮೊದಲೇ ಬರೆಸಬೇಕಾ? ಉಚಿತವಾ? ಟರ್ಮಿನಲ್ ಹೊರಗೆ ಯಾವ ಮಹಡಿಯಲ್ಲಿ, ಯಾವ ಕಂಬದ ನಂಬರ್ ಹತ್ತಿರ ನಿಲ್ಲುತ್ತದೆ? ಕೊನೆಯ ಪ್ರಶ್ನೆ ಸಣ್ಣದೆನಿಸುತ್ತದೆ. ನಿದ್ದೆಗೆಟ್ಟು, ಎರಡು ಸೂಟ್‌ಕೇಸ್ ಎಳೆದುಕೊಂಡು ತಪ್ಪು ಮಹಡಿಯಲ್ಲಿ ಮುಕ್ಕಾಲು ಗಂಟೆ ಕಾದವರಿಗೆ ಅದರ ಬೆಲೆ ಗೊತ್ತು.

ನಿಶ್ಶಬ್ದದ ರೂಮು ಕೇಳಿ ಪಡೆಯುವುದು

ವಿಮಾನದ ಸದ್ದಿನ ಬಗ್ಗೆ ಎಲ್ಲರಿಗೂ ಹೆದರಿಕೆ. ವಿಮಾನಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏರುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ರನ್‌ವೇಯ ತುದಿಯಲ್ಲಿ ಬರೆದಿರುವ ನಂಬರ್ ಅದರ ದಿಕ್ಕು: 09 ಎಂದರೆ ದಿಕ್ಸೂಚಿಯ 90 ಡಿಗ್ರಿ, ಪೂರ್ವ. ಅದೇ ರನ್‌ವೇಯ ಇನ್ನೊಂದು ತುದಿ 27, ಪಶ್ಚಿಮ. ಗಾಳಿ ದಿಕ್ಕು ಬದಲಿಸಿದರೆ ವಿಮಾನಗಳೂ ಬದಲಿಸುತ್ತವೆ. ಹೋದ ಸಲ ತಣ್ಣಗಿದ್ದ ರೂಮು ಈ ಸಲ ಗುಡುಗಬಹುದು ಎಂಬುದಕ್ಕೆ ಕಾರಣ ಇದೇ. ಹೋಟೆಲು ರನ್‌ವೇಯ ಪಕ್ಕಕ್ಕೆ ಇದ್ದರೆ ಒಂದು ಥರ, ತುದಿಯ ನೇರಕ್ಕೆ ಇದ್ದರೆ ವಿಮಾನ ತಲೆಯ ಮೇಲೇ ಹಾದುಹೋಗುತ್ತದೆ. ಮ್ಯಾಪಿನ ಉಪಗ್ರಹ ಚಿತ್ರದಲ್ಲಿ ಇದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಆದರೆ ನನ್ನ ಅನುಭವದಲ್ಲಿ ಒಳ್ಳೆಯ ಏರ್‌ಪೋರ್ಟ್ ಹೋಟೆಲುಗಳಲ್ಲಿ ನಿದ್ದೆ ಕೆಡಿಸುವುದು ವಿಮಾನವಲ್ಲ. ಅಲ್ಲಿನ ಕಿಟಕಿಗಳಿಗೆ ನಡುವೆ ಗಾಳಿ ತುಂಬಿದ ಎರಡು ಮೂರು ಪದರದ ಗಾಜು ಇರುತ್ತದೆ, ತೆರೆಯಲೂ ಬರುವುದಿಲ್ಲ. ನಿದ್ದೆ ಕೆಡುವುದು ಬಾಗಿಲ ಕಡೆಯಿಂದ. ರಾತ್ರಿ ಮೂರಕ್ಕೆ ಎದ್ದು ಹೊರಡುವವರು, ನಾಲ್ಕಕ್ಕೆ ಬಂದು ಇಳಿಯುವವರು, ಕಾರಿಡಾರಿನಲ್ಲಿ ಸೂಟ್‌ಕೇಸಿನ ಗಾಲಿ, ಲಿಫ್ಟಿನ ಗಂಟೆ, ಧಡ್ ಎಂದು ಮುಚ್ಚುವ ಭಾರದ ಬಾಗಿಲು. ಪಕ್ಕದ ರೂಮಿಗೆ ಒಳಬಾಗಿಲು ಇದ್ದರಂತೂ ಅವರ ಫೋನಿನ ಮಾತೆಲ್ಲ ನಿಮ್ಮ ದಿಂಬಿಗೇ ಬರುತ್ತದೆ.

ಹಾಗಾಗಿ ಕೌಂಟರಿನಲ್ಲಿ ಮೂರು ವಿಷಯ ಕೇಳಿ: ಲಿಫ್ಟಿನಿಂದ ದೂರ ಇರಲಿ, ಒಳಬಾಗಿಲು ಬೇಡ, ರನ್‌ವೇ ಕಡೆ ಮುಖ ಬೇಡ. ಬುಕಿಂಗ್‌ನಲ್ಲೇ ಬರೆದಿದ್ದರೆ ಇನ್ನೂ ಒಳ್ಳೆಯದು. ಇಂಥ ಹೋಟೆಲುಗಳಲ್ಲಿ ಪೈಲಟ್‌ಗಳು, ಗಗನಸಖಿಯರು ಇಳಿಯುತ್ತಾರೆ, ಹಗಲಿನಲ್ಲಿ ಮಲಗುತ್ತಾರೆ. ಯಾವ ರೂಮು ನಿಜಕ್ಕೂ ನಿಶ್ಶಬ್ದ ಎಂಬುದು ಕೌಂಟರಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮರ್ಯಾದೆಯಿಂದ ಕೇಳಿದರೆ ಕೊಡುತ್ತಾರೆ.

ಅಲ್ಲೇ ಇನ್ನೆರಡು ಮಾತು. ರೂಮಿನ ಬಾಡಿಗೆ ಮೊದಲೇ ಕಟ್ಟಿದ್ದರೂ ಕಾರ್ಡ್ ಕೇಳುತ್ತಾರೆ, ಒಂದಿಷ್ಟು ಹಣ 'ಹೋಲ್ಡ್' ಮಾಡುತ್ತಾರೆ. ಹೊರಟ ಮೇಲೆ ಅದು ಬಿಡುಗಡೆಯಾಗಲು ಕೆಲವು ದಿನ ಬೇಕು. ಡೆಬಿಟ್ ಕಾರ್ಡ್ ಕೊಟ್ಟರೆ ಅಷ್ಟು ದಿನ ನಿಮ್ಮ ಖಾತೆಯ ದುಡ್ಡೇ ಸಿಕ್ಕಿಹಾಕಿಕೊಂಡಿರುತ್ತದೆ. ಕ್ರೆಡಿಟ್ ಕಾರ್ಡ್ ಇದ್ದರೆ ಅದನ್ನೇ ಕೊಡಿ. ಇನ್ನೊಂದು, ರೂಮ್ ನಂಬರನ್ನು ಅವರು ಗಟ್ಟಿಯಾಗಿ ಹೇಳಬಾರದು, ಚೀಟಿಯಲ್ಲಿ ಬರೆದು ತೋರಿಸಬೇಕು. ಜನರ ಮುಂದೆ ಕೂಗಿ ಹೇಳಿದರೆ, ವಿಶೇಷವಾಗಿ ಒಬ್ಬರೇ ಹೋದ ಹೆಣ್ಣುಮಕ್ಕಳು, ಬೇರೆ ರೂಮು ಕೇಳಲು ಹಿಂಜರಿಯಬೇಡಿ.

ರೂಮಿನ ಮೊದಲ ಹತ್ತು ನಿಮಿಷ

ಬ್ಯಾಗ್ ಇಟ್ಟ ತಕ್ಷಣ ಮತ್ತೆ ಬಾಗಿಲಿಗೆ ಬನ್ನಿ. ಬಾಗಿಲ ಹಿಂದೆ ಬೆಂಕಿ ಬಿದ್ದರೆ ಹೋಗಬೇಕಾದ ದಾರಿಯ ನಕ್ಷೆ ಇರುತ್ತದೆ. ತುರ್ತು ಮೆಟ್ಟಿಲಿನವರೆಗೆ ಒಮ್ಮೆ ನಡೆದು, ನಡುವೆ ಎಷ್ಟು ಬಾಗಿಲು ಎಂದು ಎಣಿಸಿ. ಹೊಗೆ ತುಂಬಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಗೋಡೆ ಸವರಿಕೊಂಡು ಬಾಗಿಲು ಎಣಿಸುತ್ತಾ ಹೋಗಬಹುದು. ಲಿಫ್ಟ್ ಮಾತ್ರ ಬೇಡ.

ಇನ್ನು ನಿದ್ದೆಯ ತಯಾರಿ. ಮಂಚದ ಪಕ್ಕದ ಗಡಿಯಾರ ನೋಡಿ, ಹಿಂದಿನ ಅತಿಥಿ ಇಟ್ಟ ಅಲಾರಂ ಹಾಗೇ ಇದ್ದೀತು. ಪರದೆಗಳ ನಡುವೆ ಬೆಳಕಿನ ಗೆರೆ ಬೀಳುತ್ತಿದ್ದರೆ, ಕಪಾಟಿನಲ್ಲಿ ಪ್ಯಾಂಟ್ ನೇತುಹಾಕುವ ಕ್ಲಿಪ್ ಹ್ಯಾಂಗರ್ ಇರುತ್ತದಲ್ವಾ, ಅದರ ಎರಡು ಕ್ಲಿಪ್‌ಗಳಿಂದ ಎರಡೂ ಪರದೆಯ ಅಂಚು ಸೇರಿಸಿ ಕಚ್ಚಿಸಿ. ರೂಮು ಕತ್ತಲಾಗುತ್ತದೆ. ಎಸಿಯ ಫ್ಯಾನನ್ನು 'ಆಟೊ'ದಲ್ಲಿ ಬಿಡದೆ ಒಂದೇ ವೇಗಕ್ಕೆ ಇಡಿ. ನಿಂತು ಮತ್ತೆ ಶುರುವಾಗುವ ಸದ್ದು ಎಬ್ಬಿಸುತ್ತದೆ. ಒಂದೇ ಸಮನೆ ಬರುವ ಸದ್ದು ಕಾರಿಡಾರಿನ ಗದ್ದಲವನ್ನು ಮುಚ್ಚುತ್ತದೆ. ವಿಮಾನದೊಳಗಿನ ಗಾಳಿಯಲ್ಲಿ ತೇವಾಂಶ ಹೆಚ್ಚಾಗಿ ಶೇ 20ಕ್ಕಿಂತಲೂ ಕಡಿಮೆ. ಹಾಗಾಗಿ ಇಳಿದು ಬಂದವರಿಗೆ ಗಂಟಲು ಒಣಗಿರುತ್ತದೆ. ಒಂದು ಲೋಟ ನೀರು ಕೈಗೆಟಕುವ ಹಾಗೆ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಮೊದಲ ರಾತ್ರಿ ನಿದ್ದೆ ಅರೆಬರೆಯಾದರೆ ಬೇಸರ ಮಾಡಿಕೊಳ್ಳಬೇಡಿ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಜಾಗದಲ್ಲಿ ಮಲಗಿದ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗುವುದಿಲ್ಲ. ಅದು ಸಣ್ಣ ಸದ್ದಿಗೂ ಕಿವಿಗೊಟ್ಟು ಕಾವಲು ಕಾಯುತ್ತಿರುತ್ತದೆ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳುವುದು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಮನೆಯ ದಿಂಬಿನ ಕವರ್ ಒಂದನ್ನು ಮಡಚಿ ಒಯ್ಯುವುದು ನನ್ನ ಅಭ್ಯಾಸ. ಆ ಪರಿಚಿತ ವಾಸನೆಗೆ ನನಗೆ ಬೇಗ ಕಣ್ಣು ಮುಚ್ಚುತ್ತದೆ. ಪದೇ ಪದೇ ಒಂದೇ ಊರಿಗೆ ಹೋಗುವವರು ಒಂದೇ ಹೋಟೆಲಿನಲ್ಲಿ ಉಳಿದು ನೋಡಿ.

ಬೆಳಗಿನ ಲೆಕ್ಕ, ಹಿಂದಿನಿಂದ ಮುಂದಕ್ಕೆ

ವಿಮಾನ ಬೆಳಗ್ಗೆ 6.10ಕ್ಕೆ ಎಂದುಕೊಳ್ಳಿ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮುಂಚೆ ಎಂದರೆ 3.10ಕ್ಕೆ ಟರ್ಮಿನಲ್ ಬಾಗಿಲಲ್ಲಿ ಇರಬೇಕು. ಶಟಲ್ ಹದಿನೈದು ನಿಮಿಷದ ದಾರಿ, ಆದರೆ ಅರ್ಧ ಗಂಟೆಗೊಂದೇ ಬಸ್. ಹಾಗಾದರೆ 2.30ರ ಬಸ್ ನಿಮ್ಮದು, 3.00ರದ್ದಲ್ಲ. 2.20ಕ್ಕೆ ಲಾಬಿಯಲ್ಲಿ, 1.45ಕ್ಕೆ ಏಳಬೇಕು. ಈ ಲೆಕ್ಕವನ್ನು ಚೀಟಿಯಲ್ಲಿ ಬರೆದಾಗಲೇ ರಾತ್ರಿ ಎಷ್ಟಕ್ಕೆ ಮಲಗಬೇಕು ಎಂಬುದು ಗೊತ್ತಾಗುವುದು. ಮೊಬೈಲ್ ಅಲಾರಂ ಜೊತೆಗೆ ಹೋಟೆಲಿನ ವೇಕ್ ಅಪ್ ಕಾಲ್ ಕೂಡ ಹೇಳಿ. ಬೇರೆ ದೇಶದಿಂದ ಬಂದಿದ್ದರೆ ಮೊಬೈಲು ಅಲ್ಲಿನ ಸಮಯಕ್ಕೆ ಬದಲಾಗಿದೆಯೇ ನೋಡಿ.

ಬಿಲ್ಲಿನ ಕೆಲಸ ಹಿಂದಿನ ಸಂಜೆಯೇ ಮುಗಿಸುವುದು ಒಳ್ಳೆಯದು. ಕಂಪನಿ ಖರ್ಚಿನಲ್ಲಿ ಹೋದವರು ಬಿಲ್ಲಿನಲ್ಲಿ ಕಂಪನಿಯ ಹೆಸರು, ತೆರಿಗೆ ನಂಬರ್ ಸರಿ ಇದೆಯೇ ಎಂದು ಅಲ್ಲೇ ಓದಬೇಕು. ವಾಪಸ್ ಬಂದ ಮೇಲೆ ತಿದ್ದಿಸಲು ವಾರಗಟ್ಟಲೆ ಬೇಕು. ಮಿನಿಬಾರ್, ಅಂದರೆ ರೂಮಿನಲ್ಲಿ ತಿನಿಸು, ಪಾನೀಯ ಇಟ್ಟಿರುವ ಪುಟ್ಟ ಫ್ರಿಜ್ಜು, ಮುಟ್ಟದಿದ್ದರೂ ಬಿಲ್ಲಿನಲ್ಲಿ ಆ ಸಾಲು ಒಮ್ಮೆ ನೋಡಿ. ಕೆಲವು ಕಡೆ ಅದಕ್ಕೆ ಸೆನ್ಸರ್ ಇರುತ್ತದೆ, ಬಾಟಲಿ ಸರಿಸಿದರೂ ಬಿಲ್ ಆಗುತ್ತದೆ. ಲಗೇಜು ತೂಕ ಮಾಡಲು ಬೆಲ್ ಡೆಸ್ಕಿನಲ್ಲಿ, ಅಂದರೆ ಲಾಬಿಯಲ್ಲಿ ಲಗೇಜು ನೋಡಿಕೊಳ್ಳುವವರ ಬಳಿ, ತಕ್ಕಡಿ ಕೇಳಿ.

ತಿಂಡಿಯ ಹಾಲ್ ತೆರೆಯುವ ಮೊದಲೇ ಹೊರಡುತ್ತಿದ್ದು, ಬಾಡಿಗೆಯಲ್ಲಿ ತಿಂಡಿ ಸೇರಿದ್ದರೆ, ಕಟ್ಟಿಕೊಡಲು ರಾತ್ರಿಯೇ ಹೇಳಿ. ಅದರಲ್ಲಿರುವ ಜ್ಯೂಸ್, ಮೊಸರನ್ನು ಸೆಕ್ಯುರಿಟಿಗೆ ಮೊದಲೇ ಮುಗಿಸಿ. ಬಹಳಷ್ಟು ಏರ್‌ಪೋರ್ಟ್‌ಗಳಲ್ಲಿ 100 ಮಿಲಿಲೀಟರ್ ದಾಟಿದ ದ್ರವವನ್ನು ಒಳಗೆ ಬಿಡುವುದಿಲ್ಲ.

ವಿಮಾನವೇ ರದ್ದಾದರೆ

ಇದು ಬೇರೆಯೇ ಸಂದರ್ಭ, ಇಲ್ಲಿ ವೇಗ ಮುಖ್ಯ. ಒಂದು ದೊಡ್ಡ ವಿಮಾನ ರದ್ದಾದರೆ ಇನ್ನೂರು ಮುನ್ನೂರು ಜನ ಒಂದೇ ಹೊತ್ತಿಗೆ ರೂಮು ಹುಡುಕುತ್ತಾರೆ. ಕಂಪನಿಯ ಕೌಂಟರಿನ ಸಾಲಿನಲ್ಲಿ ನಿಂತಿರುವಾಗಲೇ, ರದ್ದು ಮಾಡಿದರೆ ಹಣ ವಾಪಸ್ ಬರುವಂಥ ರೂಮೊಂದನ್ನು ಮೊಬೈಲಿನಲ್ಲಿ ಹಿಡಿದಿಡಿ. ಎಷ್ಟು ಗಂಟೆಯವರೆಗೆ ರದ್ದು ಮಾಡಬಹುದು ಎಂಬುದನ್ನು ಮಾತ್ರ ಓದಿಯೇ ಒತ್ತಿ. ಆಮೇಲೆ ಕಂಪನಿಯವರು ರೂಮು ಕೊಟ್ಟರೆ ನಿಮ್ಮದನ್ನು ಬಿಡಬಹುದು. ಯುರೋಪಿಯನ್ ಒಕ್ಕೂಟದ 261/2004 ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅಲ್ಲಿಂದ ಹೊರಡುವ ವಿಮಾನ ರದ್ದಾಗಿ ರಾತ್ರಿ ಉಳಿಯಬೇಕಾಗಿ ಬಂದರೆ ಹೋಟೆಲೂ, ಹೋಗಿಬರುವ ವಾಹನವೂ ಕಂಪನಿಯ ಜವಾಬ್ದಾರಿ, ಕಾರಣ ಕೆಟ್ಟ ಹವಾಮಾನವೇ ಆಗಿದ್ದರೂ. ಬೇರೆ ಕಡೆ ನಿಯಮ ಬೇರೆ ಇರುತ್ತದೆ, ಆದರೆ ಎಲ್ಲ ರಸೀದಿಗಳನ್ನೂ ಜೋಪಾನ ಮಾಡುವುದು ಎಲ್ಲ ಕಡೆಗೂ ಸರಿ.

ಹೊರಡುವ ಮುನ್ನ

ಅರೆನಿದ್ದೆಯಲ್ಲಿ ಹೊರಡುವಾಗ ಮರೆಯುವುದು ಎರಡು: ಗೋಡೆಯ ಸಾಕೆಟ್ಟಿನ ಚಾರ್ಜರ್ ಮತ್ತು ಸೇಫ್‌ನಲ್ಲಿರುವ ಪಾಸ್‌ಪೋರ್ಟ್. ಚಾರ್ಜರ್ ಹೋದರೆ ಹೋಯಿತು. ಪಾಸ್‌ಪೋರ್ಟಿಗೆ ನಾನು ಒಂದು ಉಪಾಯ ಮಾಡುತ್ತೇನೆ. ಬೆಳಗ್ಗೆ ಹಾಕಿಕೊಳ್ಳುವ ಶೂಗಳಲ್ಲಿ ಒಂದನ್ನು ರಾತ್ರಿಯೇ ಪಾಸ್‌ಪೋರ್ಟ್ ಜೊತೆ ಸೇಫ್ ಒಳಗಿಟ್ಟು ಬೀಗ ಹಾಕುತ್ತೇನೆ. ಒಂದೇ ಶೂ ಹಾಕಿಕೊಂಡು ಯಾರೂ ಬಸ್ ಹತ್ತುವುದಿಲ್ಲ ಅಲ್ವಾ?