ಹಸುವಿನ ನಡಿಗೆಯನ್ನು ಗಮನಿಸಿ ಕ್ಷೇಮವನ್ನು ತಿಳಿಯುವ ಬಗೆ

ಹಸು ತನ್ನ ನೋವನ್ನು ಸಾಧ್ಯವಾದಷ್ಟು ಮುಚ್ಚಿಡುವ ಪ್ರಾಣಿಯಾದ್ದರಿಂದ, ಕುಂಟು ಎದ್ದು ಕಾಣುವ ಮೊದಲೇ ಅದನ್ನು ಗುರುತಿಸುವುದು ಸಾಕುವವರ ಹೊಣೆಯಾಗಿದೆ. ಹಾಲು ಕರೆದ ಬಳಿಕ, ಜಾರದ ಸಮತಟ್ಟು ನೆಲದ ಮೇಲೆ ಹಸುವನ್ನು ಅವಸರಪಡಿಸದೆ ಹತ್ತು ಹೆಜ್ಜೆಯಾದರೂ ನಡೆಸಿ, ಪಕ್ಕದಲ್ಲಿ ನಿಂತು ಬೆನ್ನಿನ ಗೆರೆಯನ್ನು ನೋಡಿ. 5 ಅಂಕಗಳ ಮಾಪನದಲ್ಲಿ, ನಿಂತಾಗಲೂ ನಡೆಯುವಾಗಲೂ ಬೆನ್ನು ನೇರವಾಗಿದ್ದರೆ 1. ನಡೆಯುವಾಗ ಮಾತ್ರ ಬಾಗಿದರೆ 2. ಎರಡೂ ಸ್ಥಿತಿಯಲ್ಲಿ ಬಾಗಿ ಹೆಜ್ಜೆ ಗಿಡ್ಡವಾದರೆ 3. ಒಂದು ಕಾಲಿನ ಮೇಲೆ ಭಾರ ಹಾಕಲು ಹಿಂಜರಿದು ತಡೆತಡೆದು ನಡೆದರೆ 4. ಆ ಕಾಲನ್ನು ಊರಲಾಗದಿದ್ದರೆ 5. ನನ್ನ ಅಭಿಪ್ರಾಯದಲ್ಲಿ 2ನೆಯ ಅಂಕವೇ ಅತ್ಯಂತ ಮುಖ್ಯವಾದುದು, ಏಕೆಂದರೆ ಗೊರಸನ್ನು ಆಗಲೇ ಎತ್ತಿ ಪರೀಕ್ಷಿಸಿದರೆ ಹುಣ್ಣು ಆಳಕ್ಕಿಳಿಯುವುದನ್ನು ಎಷ್ಟೋ ಬಾರಿ ತಡೆಯಬಹುದು. ಅಂಕ 3 ಅಥವಾ ಹೆಚ್ಚಾದರೆ ಪಶುವೈದ್ಯರನ್ನು ಕರೆಸಿ.

ನಮ್ಮ ಅನೇಕ ಕೊಟ್ಟಿಗೆಗಳಲ್ಲಿ ಹಸುಗಳು ಸಿಮೆಂಟ್ ನೆಲದ ಮೇಲೆ ದಿನವಿಡೀ ಕಟ್ಟಿಸಿಕೊಂಡೇ ಇರುವುದರಿಂದ ನಡಿಗೆಯ ದೋಷ ಕಣ್ಣಿಗೆ ಬೀಳುವುದೇ ಇಲ್ಲ (ಇದು ನನ್ನನ್ನು ಬಹಳ ಕಾಡುವ ಸಂಗತಿ). ಅಂಥ ಹಸು ನಿಂತಲ್ಲೇ ಕಾಲು ಬದಲಿಸುತ್ತಿದೆಯೇ, ಏಳಲು ತಡವರಿಸುತ್ತಿದೆಯೇ, ಆರೋಗ್ಯವಂತ ಹಸುಗಳಂತೆ ದಿನಕ್ಕೆ ಸುಮಾರು 10ರಿಂದ 12 ಗಂಟೆ ಮಲಗುತ್ತಿದೆಯೇ ಎಂಬುದನ್ನು ವಾರಕ್ಕೊಮ್ಮೆಯಾದರೂ ಬರೆದಿಡಿ.